ಹಲ್ಲಿನ ಬಣ್ಣದ ಕಾರು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಕಾರೊಂದನ್ನು ಹಿಡಿದುಕೊಂಡು ಕಥೆ ಹೇಳಲು ಕೂತರೆ, ಬೇರೆ ಕೆಲಸವಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಲದ್ದಕ್ಕೆ ಇದು ಇನ್ನೊಬ್ಬರ ಮನೆಯ ಸಂಗತಿ, ಅದರಲ್ಲೂ ಬಾಗಿಲು ಹಾಕಿಕೊಂಡು ಆಡಿದ ಮಾತು. ಎಲ್ಲಾದರೂ ಹೆಚ್ಚುಕಮ್ಮಿ ಹೇಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳದೆ ಸುಮ್ಮನಿರೋಣವೆಂದು ಬಹಳ ಪ್ರಯತ್ನಪಟ್ಟದ್ದಂತೂ ನಿಜ.

ಆ ಮನೆಯ ಚಿಕ್ಕಳಿಯನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು, ಆ ಅಚ್ಚಿಗೆ ಕೂರುವ ಹಾಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಬಾಯಿಯ ಗುರುತಿದೆಯೇ ಹೊರತು ಮುಖದ ಗುರುತಿಲ್ಲ. ರಸ್ತೆಯಲ್ಲಿ ಯಾರಾದರೂ ನಕ್ಕರೆ, ಆ ಹಲ್ಲು ತನ್ನ ಕೈಕೆಲಸವೋ ಬೇರೆಯವರದೋ ಎಂದು ಮೊದಲು ನೋಡುತ್ತಾನೆ, ಆಮೇಲೆ ತಾನು ನಗುತ್ತಾನೆ. ಅಷ್ಟು ಹೊತ್ತಿಗೆ ಅವರು ಮುಂದೆ ಹೋಗಿರುತ್ತಾರೆ. ಹೀಗಾಗಿ ಬೀದಿಯಲ್ಲಿ ಅವನಿಗೆ ಬಿಗುಮಾನದವನು ಎಂಬ ಹೆಸರು ಬಂದಿದೆ.

ಮನೆಯಲ್ಲಿ ಅವನಿಗೊಂದು ಮೇಜು. ಹಿಂದಿನ ಕೋಣೆಯ ಕಿಟಕಿಗೆ ಆನಿಸಿಟ್ಟ, ಅಂಟು ಮತ್ತು ಬಣ್ಣದ ಕಲೆಗಳಿಂದ ಚುಕ್ಕಿಚುಕ್ಕಿಯಾದ ಅಗಲವಾದ ಮೇಜು. ಅಲ್ಲಿ ಅವನು ಹಳೇ ಕಾಲದ ಕಾರುಗಳ ಪುಟ್ಟ ಮಾದರಿಗಳನ್ನು ಕಟ್ಟುತ್ತಾನೆ. ಪೆಟ್ಟಿಗೆಯಲ್ಲಿ ಬರುವುದು ಬರೀ ಬಿಡಿಭಾಗ. ಪ್ಲಾಸ್ಟಿಕ್ ಚೌಕಟ್ಟಿಗೆ ಕಾಯಿ ಕಚ್ಚಿದ ಹಾಗೆ ಬಾಗಿಲು, ಬಂಪರು, ಚಕ್ರ, ದೀಪ ಎಲ್ಲ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಅರದಲ್ಲಿ ಉಜ್ಜಿ, ಜೋಡಿಸಿ, ಸಣ್ಣ ಪಿಚಕಾರಿಯಲ್ಲಿ ತೆಳ್ಳಗೆ ಬಣ್ಣ ಊದಿ, ಮೆರುಗು ಕೊಟ್ಟರೆ ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲಿನ ಕಾರು. ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಕಟ್ಟಿಟ್ಟರೆ ಅವನಿಗೆ ಉಪ್ಪಿಲ್ಲದ ಊಟ ಮಾಡಿದ ಹಾಗೆ. ಮುಚ್ಚಿದ ಬಾಗಿಲನ್ನು ಕೊಯ್ದು ತೆರೆಯುವಂತೆ ಮಾಡಬೇಕು, ಸೀಟಿಗೆ ಸವೆದ ಗುರುತು ಕೊಡಬೇಕು, ಮುಂದಿನ ಗಾಜಿನ ಕೂದಲಿನಷ್ಟು ತೆಳುವಾದ ಒರೆಸುಕಡ್ಡಿಯನ್ನು ಒಂದಿಷ್ಟು ಸೊಟ್ಟ ಮಾಡಬೇಕು. ಹಲ್ಲಿನ ಕೆಲಸದ ಚೂಪುಕಡ್ಡಿ, ಮೇಣದ ಚಾಕು, ಮೆರುಗಿನ ಚಕ್ರಗಳೆಲ್ಲ ಈ ಕೆಲಸಕ್ಕೂ ಬರುತ್ತವೆ. ದಿನವಿಡೀ ಬೇರೆಯವರ ಬಾಯಿಗಾಗಿ ದುಡಿಯುವವನಿಗೆ, ಯಾರೂ ಕಚ್ಚಿ ನೋಡಿ ತಕರಾರು ತೆಗೆಯದ ವಸ್ತುವೆಂದರೆ ಇದೊಂದೇ.

ಒಂದು ಸಂಜೆ ಹೆಂಡತಿ ಬಟ್ಟೆ ಮಡಿಸುತ್ತಾ ಹೇಳಿದಳು.

"ರೀ, ಅಪ್ಪ ಕಡೆಗೂ ಒಪ್ಕೊಂಡ್ರು. ಇನ್ಮೇಲೆ ನಮ್ಮನೇಲೇ ಇರ್ತಾರೆ."

"ಒಳ್ಳೇದಾಯ್ತಲ್ಲ."

"ಹಿಂದಿನ ರೂಮು ಅವರಿಗೆ ಕೊಡೋಣ ಅಂತ."

"ಒಳ್ಳೇದೇ."

"ಮಂಚ ಹಾಕ್ಬೇಕು. ಟೇಬಲ್ ತೆಗೀಬೇಕಾಗತ್ತೆ."

ಈ ಸಲ ಅವನ ಬಾಯಿಂದ ಒಳ್ಳೇದು ಬರಲಿಲ್ಲ. ಕೈಯಲ್ಲಿದ್ದ ಹೆಡ್‌ಲೈಟು ಚಿಮ್ಮಿ ಎಲ್ಲೋ ಹೋಯಿತು. ಅದನ್ನು ಹುಡುಕುವ ನೆವದಲ್ಲಿ ಅವನು ಮೇಜಿನ ಕೆಳಗೆ ತೂರಿಕೊಂಡು, ಮುಖ ಸರಿಮಾಡಿಕೊಂಡ ಮೇಲೆ ಹೊರಗೆ ಬಂದ.

"ಅಲ್ವೇ, ಮಂಚಾನೂ ಟೇಬಲ್ಲೂ ಎರಡೂ ಹಿಡಿಯಲ್ವಾ ಅಲ್ಲಿ?"

"ಹಿಡಿಯತ್ತೆ. ಆದ್ರೆ ಮನುಷ್ಯರು ಹಿಡಿಯಲ್ಲ." ಆಮೇಲೆ ಅವಳಿಗೆ ಅಯ್ಯೋ ಅನ್ನಿಸಿರಬೇಕು. "ನೋಡಿ, ಅಪ್ಪನೇ ಟೇಬಲ್ ಇರ್ಲಿ ಅಂದ್ರೆ ನಂದೇನೂ ಅಡ್ಡಿ ಇಲ್ಲ. ಆದ್ರೆ ನೀವು ಕೇಳೋ ಹಾಗಿಲ್ಲ. ಅವರು ತಾವಾಗೇ ಹೇಳ್ಬೇಕು. ಬಂದ ದಿನಾನೇ ನೀವು ಟೇಬಲ್ ಪುರಾಣ ತೆಗೆದ್ರೆ, ಅಳಿಯನಿಗೆ ನಾನು ಭಾರ ಅಂದ್ಕೊಂಡು ಚೀಲ ಎತ್ಕೊಂಡು ವಾಪಸ್ ಹೋಗ್ತಾರೆ. ನಂಗೆ ಗೊತ್ತು ಅವರ ಬುದ್ಧಿ."

ಮಾವನ ಬುದ್ಧಿ ಅವನಿಗೂ ಗೊತ್ತಿತ್ತು. ಮಾವ ಜೀವಮಾನವಿಡೀ ಡ್ರೈವಿಂಗ್ ಶಾಲೆ ನಡೆಸಿದವರು. ಊರಿನಲ್ಲಿ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಬ್ರೇಕಿನ ಪೆಡಲು ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ಅವರ ಕಾಲಿಗೆ ಅದೇ ಅಭ್ಯಾಸ. ಕಾರು ಮಾರಿ ಎಷ್ಟೋ ಕಾಲವಾಗಿದ್ದರೂ ಅಪಾಯ ಕಂಡಲ್ಲೆಲ್ಲ ಅವರ ಕಾಲು ನೆಲವನ್ನು ಒತ್ತುತ್ತದೆ. ಹಾಲು ಉಕ್ಕುವುದಕ್ಕೆ ಬಂದರೆ ಒತ್ತುತ್ತಾರೆ. ಧಾರಾವಾಹಿಯಲ್ಲಿ ಒಳ್ಳೆಯ ಹುಡುಗಿ ಕೆಟ್ಟ ಹುಡುಗನಿಗೆ ಹೂಂ ಅನ್ನುವ ಹೊತ್ತಿಗೆ ಒತ್ತುತ್ತಾರೆ. ಚಿಕ್ಕಳಿಯ ಹೆಣ್ಣು ನೋಡಲು ಬಂದು, ನಾನು ಹಲ್ಲು ಮಾಡುತ್ತೇನೆ ಎಂದಾಗಲೂ ಒತ್ತಿದ್ದರು. ಅದನ್ನು ಅವನು ನೋಡಿದ್ದ. ಮರೆತಿರಲಿಲ್ಲ.

ಹೆಂಡತಿಯ ಅಕ್ಕನ ಗಂಡ, ಅಂದರೆ ದೊಡ್ಡಳಿಯ, ಹಾಸಿಗೆ ಅಂಗಡಿಯವನು. ಅವನಿಗೆ ಸುದ್ದಿ ಮುಟ್ಟಿದ್ದೇ ತಡ, ಫೋನು ಬಂತು. ಚಿಕ್ಕಳಿಯನನ್ನು ಅವನು ಹಾಸ್ಯಕ್ಕೆ ಡಾಕ್ಟ್ರು ಎಂದೇ ಕರೆಯುವುದು.

"ಡಾಕ್ಟ್ರೇ, ಏನೂ ಯೋಚ್ನೆ ಮಾಡ್ಬೇಡಿ. ಟೇಬಲ್ ನಮ್ಮ ಗೋಡೌನಿಗೆ ಬರ್ಲಿ. ಹಾಸಿಗೆಗಳ ಮಧ್ಯೆ ನಿಮ್ಮ ಕಾರುಗಳು ಹಾಯಾಗಿ ಮಲಗ್ತವೆ."

"ಉಪಕಾರ ಆಯ್ತು ಭಾವ," ಎಂದು ಹೇಳಿ ಫೋನಿಟ್ಟ ಚಿಕ್ಕಳಿಯ ಅವತ್ತು ಮೇಜಿನ ಮುಂದೆ ಕೂತು ಏನೂ ಕಟ್ಟಲಿಲ್ಲ. ಯೋಚಿಸಿದ. ಕೇಳುವ ಹಾಗಿಲ್ಲ ಸರಿ. ಕೇಳದೆಯೇ ಮಾವನ ಮನಸ್ಸು ಕರಗಿಸುವುದಕ್ಕೆ ಏನಡ್ಡಿ? ಮಾವ ಈಗಲೂ ಉಸಿರು ಬಿಡದೆ ಮಾತಾಡುವುದು ಒಂದೇ ವಸ್ತುವಿನ ಬಗ್ಗೆ, ಅದು ಶಾಲೆಯ ಆ ಹಳೇ ಕಾರು. ಆ ಕಾರನ್ನೇ ಕಟ್ಟಿಕೊಟ್ಟರೆ? ಪೆಡಲು ಸಮೇತ?

ಮಾದರಿ ಸಿಕ್ಕಿತು. ಗುಂಡುಬೆನ್ನು, ದುಂಡುದೀಪ, ಹುಬ್ಬಿದ ಮಡ್‌ಗಾರ್ಡು, ಎಲ್ಲ ಅದೇ. ಆದರೆ ಪೆಟ್ಟಿಗೆಯಲ್ಲಿ ಬಂದದ್ದು ಶೋಕಿಯವರ ಎರಡು ಬಾಗಿಲ ಕಾರು, ಸ್ಟಿಯರಿಂಗು ಬೇರೆ ಆಚೆ ಕಡೆಗೆ. ಮಾವನದು ನಾಲ್ಕು ಬಾಗಿಲಿನದು. ಚಿಕ್ಕಳಿಯ ಹಿಂಬದಿಗೆ ಎರಡು ಬಾಗಿಲು ಗೀರಿ ಕೊಯ್ದ. ಸ್ಟಿಯರಿಂಗನ್ನು ಈಚೆಗೆ ತಂದ. ಅದರ ಚಕ್ರವನ್ನು ಕಟ್ಟುಹಲ್ಲಿನ ಕೊಕ್ಕೆಗೆ ಬಳಸುವ ತಂತಿಯಲ್ಲೇ ಬಾಗಿಸಿದ. ಮೇಲೆ ಡ್ರೈವಿಂಗ್ ಶಾಲೆಯ ಹಲಗೆ ಕೂರಿಸಿದ. ಮೇಷ್ಟ್ರ ಕಾಲ ಬಳಿ ಬ್ರೇಕು, ಅದರ ಪಕ್ಕ ಕ್ಲಚ್ಚು, ಎರಡನ್ನೂ ಉಗುರಿನ ಚೂರಿಗಿಂತ ಸಣ್ಣದಾಗಿ ಉಜ್ಜಿ, ಉಸಿರು ಬಿಗಿಹಿಡಿದು ಅಂಟಿಸಿದ. ಬ್ರೇಕು ಮೂರು ಸಲ ಕಳೆದುಹೋಯಿತು. ಒಂದು ಸಲ ಅವನ ತೋಳಿನ ಕೂದಲಲ್ಲೇ ಸಿಕ್ಕಿಕೊಂಡಿತ್ತು.

ತೊಡಕು ಬಂದದ್ದು ಬಣ್ಣದಲ್ಲಿ.

ಉಳಿದಿದ್ದದ್ದು ಒಂದೇ ಫೋಟೋ, ಕಪ್ಪುಬಿಳುಪಿನದು. ಅದರಲ್ಲಿ ಕಾರಿಗೆ ಒರಗಿ ನಿಂತ ಮಾವ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಮಾವನನ್ನು ಕೇಳುವಂತಿಲ್ಲ, ಕೇಳಿದರೆ ಗುಟ್ಟು ರಟ್ಟು. ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಹಾಗಾಗಿ ಹೆಂಡತಿಯ ಜೊತೆ ಅವಳ ಅಕ್ಕನ ಮನೆಗೆ ಹೋದಾಗ ಚಿಕ್ಕಳಿಯ ಮಾತಿನ ಮಧ್ಯೆ ಮೆಲ್ಲನೆ ಎತ್ತಿದ.

"ಅಪ್ಪನ ಕಾರಾ? ಗುಲಾಬಿ," ಎಂದಳು ಅಕ್ಕ. "ತಿಳಿ ಗುಲಾಬಿ. ನಾನು ಅದ್ರಲ್ಲೇ ಸ್ಕೂಲಿಗೆ ಹೋಗ್ತಿದ್ದೆ. ಎಲ್ರೂ ಆಡ್ಕೊಂಡು ನಗ್ತಿದ್ರು."

"ಗುಲಾಬಿನಾ!" ಹೆಂಡತಿಗೆ ನಗು ತಡೆಯಲಿಲ್ಲ. "ಅದೇನು ಡ್ರೈವಿಂಗ್ ಸ್ಕೂಲ್ ಕಾರಾ, ಐಸ್‌ಕ್ರೀಮ್ ಗಾಡಿನಾ? ತಿಳಿ ಹಸಿರು ಕಣೇ ಅದು. ಬಾಗಿಲಿಗೆ ಕೆನ್ನೆ ಇಟ್ಕೊಂಡು ಕೂರ್ತಿದ್ದೆ ನಾನು, ನಂಗೊತ್ತಿಲ್ವಾ?"

"ನೀನು ಕೆನ್ನೆ ಇಟ್ಕೊಂಡ್ರೆ ಬಣ್ಣ ಹೇಗೆ ಕಾಣ್ಸತ್ತೆ?"

"ಇಬ್ರೂ ಸುಮ್ನಿರಿ," ಎಂದ ದೊಡ್ಡಳಿಯ. "ನಾನು ಕಲಿತಿದ್ದೇ ಆ ಕಾರಲ್ಲಿ. ಬೂದು. ಪಕ್ಕಾ ಬೂದು."

"ಅದು ಬೂದು ಬಣ್ಣ ಅಲ್ಲಾರೀ," ಎಂದಳು ಅಕ್ಕ. "ನೀವು ಅದನ್ನ ನುಗ್ಗಿಸಿದ ಜಾಗದ ಧೂಳು. ನಿಮಗೆ ಗೇರು ಬರೋ ಹೊತ್ತಿಗೆ ನಮ್ಮ ನಿಶ್ಚಿತಾರ್ಥಾನೇ ಆಗೋಗಿತ್ತು."

"ಗೇರು ಬೇಗ ಬಂದಿದ್ರೆ ನೀನು ಸಿಗ್ತಿದ್ಯಾ? ಬೇಕಂತ್ಲೇ ನಿಧಾನ ಮಾಡಿದ್ದು."

"ಲೈಸೆನ್ಸ್ ಪರೀಕ್ಷೇಲೂ ಬೇಕಂತ್ಲೇ ಗೋಡೆಗೆ ಗುದ್ದಿದ್ರಾ?"

ಮಾತು ಗೋಡೆಯ ಕಡೆಗೆ ಹೊರಳಿತು, ಬಣ್ಣ ಅಲ್ಲೇ ಉಳಿಯಿತು. ಚಿಕ್ಕಳಿಯ ಮೂರು ಬಣ್ಣ ಹೊತ್ತುಕೊಂಡು ಮನೆಗೆ ಬಂದ. ಯಾವುದನ್ನು ಹಚ್ಚಿದರೂ ಇಬ್ಬರು ಸುಳ್ಳುಗಾರರಾಗುತ್ತಾರೆ, ಅವರಲ್ಲಿ ಒಬ್ಬಳು ತನ್ನ ಹೆಂಡತಿಯೇ ಆಗಿಬಿಡಬಹುದು. ಬೇರೆಯವನಾಗಿದ್ದರೆ ಹೆಂಡತಿ ಹೇಳಿದ ಬಣ್ಣ ಹಚ್ಚಿ ಸುಖವಾಗಿರುತ್ತಿದ್ದ. ಇವನಿಗೆ ಅದಾಗಲಿಲ್ಲ. ತಪ್ಪು ಬಣ್ಣದ ಕಾರನ್ನು ಮಾವನ ಕೈಗಿಟ್ಟು ಅವರ ಮುಖ ನೋಡುವುದನ್ನು ನೆನೆದರೇ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಭೂತಗನ್ನಡಿ ಹಿಡಿದು ಫೋಟೋ ನೋಡುತ್ತಾ ಕೂತ. ನೋಡುತ್ತಾ ನೋಡುತ್ತಾ ಅವನ ಕಣ್ಣು, ಅಭ್ಯಾಸಬಲದಿಂದ, ಕಾರನ್ನು ಬಿಟ್ಟು ಮಾವನ ಬಾಯಿಗೆ ಹೋಯಿತು. ಮುಂದಿನ ಹಲ್ಲು. ಹಲ್ಲಿನ ಪಕ್ಕ ಕಾರಿನ ಬಾಗಿಲು. ಎರಡೂ ಒಂದೇ ಬೂದು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅವನು ಭೂತಗನ್ನಡಿ ಕೆಳಗಿಟ್ಟು ಎದ್ದು ನಿಂತ. ಏಕೆಂದರೆ ಈ ಲೋಕದಲ್ಲಿ ಆ ಹಲ್ಲಿನ ಬಣ್ಣ ಗೊತ್ತಿರುವವನು ಅವನೊಬ್ಬನೇ. ಮಾವನ ಸ್ವಂತ ಹಲ್ಲು ತೆಗೆಸಿದಾಗ ಕಟ್ಟುಹಲ್ಲು ಮಾಡಿಕೊಟ್ಟದ್ದು ಅವನೇ. ಹಲ್ಲಿನ ಬಣ್ಣ ಹೊಂದಿಸುವುದಕ್ಕೆ ಹಲ್ಲು ಕಟ್ಟುವವರ ಕಸುಬಿನಲ್ಲಿ ಒಂದು ಪಟ್ಟಿ ಇರುತ್ತದೆ. ಅಚ್ಚಬಿಳಿಯಿಂದ ಹಿಡಿದು ಹೊಗೆಹಳದಿಯವರೆಗೆ ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳು. ಆ ಪಟ್ಟಿಯಲ್ಲಿ ಮಾವ ಎಲ್ಲಿ ಬರುತ್ತಾರೆಂಬುದು ಅವನಿಗೆ ಬಾಯಿಪಾಠ. ಹಲ್ಲು ಆ ಬಣ್ಣ, ಕಾರು ಹಲ್ಲಿನ ಬಣ್ಣ, ಅಂದಮೇಲೆ ಕಾರು ಆ ಬಣ್ಣ! ಇಷ್ಟು ಸರಳ ಲೆಕ್ಕ ಇಡೀ ಕುಟುಂಬದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕಪ್ಪುಬಿಳುಪಿನಲ್ಲಿ ಗುಲಾಬಿಯೂ ಹಸಿರೂ ಬೂದೂ ಹಲ್ಲೂ ಎಲ್ಲ ಒಂದೇ ಆಗಿ ಕಾಣಬಹುದು ಎಂಬುದು ಅವನಿಗೂ ಹೊಳೆಯಲಿಲ್ಲ. ಹಲ್ಲನ್ನು ಅಷ್ಟು ನಂಬಿದ್ದ.

ಕೆನೆಬಿಳಿಗೆ ಹಳದಿಯ ಒಂದು ಹನಿ, ಕಂದಿನ ಅರೆಹನಿ ಬೆರೆಸಿ, ಪಟ್ಟಿಯ ಹಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಹೊಂದಿಸಿದ. ತೆಳ್ಳಗೆ ಊದಿದ, ಒಣಗಿಸಿದ, ಮತ್ತೆ ಊದಿದ. ಕೊನೆಗೆ ಕಟ್ಟುಹಲ್ಲಿಗೆ ಹಾಕುವ ಪುಡಿಯಲ್ಲೇ ಮೆರುಗು ಕೊಟ್ಟ. ಕಾರು ಚೆನ್ನಾಗಿ ಉಜ್ಜಿದ ದವಡೆಹಲ್ಲಿನ ಹಾಗೆ ಹೊಳೆಯಿತು.

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಚೆನ್ನಾಗಿದೆ ರೀ. ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಅದ್ಯಾಕೋ ನೋಡ್ತಾ ಇದ್ರೆ ಬಾಯಿ ಮುಕ್ಕಳಿಸ್ಬೇಕು ಅನ್ಸತ್ತೆ."

ಭಾನುವಾರ ಮಾವ ಬಂದರು. ಒಂದು ಪೆಟ್ಟಿಗೆ, ಒಂದು ಛತ್ರಿ, ಒಂದು ರೇಡಿಯೋ. ಅವರನ್ನು ಕರೆತಂದ ದೊಡ್ಡಳಿಯ ಕಾರಿಂದಿಳಿದು, "ದಾರಿ ಪೂರ್ತಿ ಅಷ್ಟು ಬ್ರೇಕ್ ಒತ್ತಿದಾರೆ, ನನ್ನ ಕಾರಿನ ಮ್ಯಾಟ್ ಹರಿದೋಯ್ತು," ಎಂದ. "ನೀನು ಒತ್ತದೇ ಇದ್ದಾಗ ಇನ್ಯಾರು ಒತ್ಬೇಕು?" ಎಂದರು ಮಾವ.

ಊಟವಾಯಿತು. ಎಲ್ಲರೂ ಕೈತೊಳೆದು ಕೂತ ಮೇಲೆ ಹೆಂಡತಿ ಗಂಡನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಚಿಕ್ಕಳಿಯ ಒಳಗೆ ಹೋಗಿ, ಕಾರನ್ನು ಎರಡೂ ಅಂಗೈಯಲ್ಲಿ ಹಿಡಿದು ತಂದು ಮಾವನ ಮುಂದಿಟ್ಟ. "ಮಾವ, ಇದು," ಎಂದಷ್ಟೇ ಹೇಳಿದ.

ಮಾವ ಕನ್ನಡಕ ಏರಿಸಿದರು. ಕಾರನ್ನು ಎತ್ತಿಕೊಂಡರು. ಬೆರಳ ತುದಿಯಿಂದ ಬಾಗಿಲು ತೆರೆದರು. ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಬ್ರೇಕಿದೆ," ಎಂದರು. ಧ್ವನಿ ಸಣ್ಣದಾಗಿತ್ತು. "ಕ್ಲಚ್ಚೂ ಇದೆ."

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಲ್ಲಿ ಮಾಡಿಸಿದ್ರಿ ಅಳಿಯಂದ್ರೇ?"

"ನಾನೇ ಮಾಡಿದ್ದು, ಮಾವ."

"ನೀವೇನಾ! ಆಸ್ಪತ್ರೇಲಿ ಇದನ್ನೂ ಮಾಡ್ತೀರಾ?"

ಇಲ್ಲ ಎಂದು ಚಿಕ್ಕಳಿಯ ಹೇಳುವುದರೊಳಗೆ ಅಕ್ಕ ಬಾಯಿ ಹಾಕಿದಳು. "ಎಲ್ಲ ಸರಿ, ಬಣ್ಣ ಯಾಕೆ ಹೀಗಿದೆ? ಗುಲಾಬಿ ಅಂತ ಹೇಳಿದ್ನಲ್ಲ?"

"ಹಸಿರು ಅಂತ ನಾನೂ ಹೇಳಿದ್ದೆ," ಎಂದಳು ಹೆಂಡತಿ.

"ನನ್ನ ಮಾತು ಕೇಳಿದ್ರೆ ಬೂದು ಹಚ್ಚಿ ಕೆಲಸ ಮುಗಿಸಿರ್ತಿದ್ರು," ಎಂದ ದೊಡ್ಡಳಿಯ. "ಡಾಕ್ಟ್ರು ಯಾರ ಮಾತೂ ಕೇಳಲ್ಲ."

"ಅಪ್ಪ, ನೀವೇ ಹೇಳಿ. ನಿಮ್ಮ ಕಾರು ಯಾವ ಬಣ್ಣ ಇತ್ತು?" ಎಂದಳು ಅಕ್ಕ.

ಎಲ್ಲರೂ ಮಾವನ ಕಡೆ ತಿರುಗಿದರು. ಮಾವನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು.

"ಸರಿಯಾಗೇ ಇದೆ," ಎಂದರು.

"ಇದಾ? ಈ ಬಣ್ಣಾನಾ?"

"ಇದೇ ಬಣ್ಣ. ಹೀಗೇ ಇತ್ತು. ಅವರು ಸರಿಯಾಗೇ ಹಚ್ಚಿದಾರೆ, ನೀವು ಸುಮ್ನೆ ಕಿರುಚ್ಬೇಡಿ."

ಚಿಕ್ಕಳಿಯನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವರ ಕಣ್ಣು ಸುಳ್ಳಾಗಿ ಅವನ ಒಂದು ಹಲ್ಲು ಗೆದ್ದಿತ್ತು. ಮೇಜು ಅಲ್ಲೇ ಇರಲಿ ಎಂದು ಈಗ ಹೇಳುತ್ತಾರೆ, ಇನ್ನೇನು ಹೇಳಿಬಿಡುತ್ತಾರೆ ಎಂದು ಅವನು ಮಾವನ ಬಾಯಿಯನ್ನೇ ನೋಡುತ್ತಾ ನಿಂತ. ಮಾವ ಬಾಯಿ ತೆರೆದರು.

"ಅಂದ ಹಾಗೆ, ಆ ರೂಮಲ್ಲಿ ದೊಡ್ಡದೊಂದು ಟೇಬಲ್ ಇದ್ಯಲ್ಲ, ಅದನ್ನ ತೆಗೆಸಿಬಿಡಿ. ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಓಡಾಡೋಕೆ ಜಾಗ ಬೇಕು ನಂಗೆ."

ಹೆಂಡತಿಯ ಮುಖ ಸಪ್ಪಗಾಯಿತು. ಅವಳೇನೋ ಹೇಳಲು ಹೊರಟಳು. ಅಷ್ಟರಲ್ಲಿ ದೊಡ್ಡಳಿಯ ತೋಳು ಮಡಿಸಿಯಾಗಿತ್ತು. "ಅದೇನು ದೊಡ್ಡ ವಿಷಯ ಮಾವ? ಅಂಗಡಿಯಿಂದ ಗಾಡೀನೂ ಹಗ್ಗಾನೂ ತರ್ತೀನಿ. ಡಾಕ್ಟ್ರೇ, ಅಷ್ಟ್ರಲ್ಲಿ ನಿಮ್ಮ ಸೀಸೆ ಗೀಸೆ ಎತ್ತಿಟ್ಕೊಳ್ಳಿ." ಹೋಗೇ ಬಿಟ್ಟ.

ಚಿಕ್ಕಳಿಯ ಹಿಂದಿನ ಕೋಣೆಗೆ ಹೋಗಿ ಮೇಜಿನ ಮೇಲಿದ್ದದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ಅರ, ಕತ್ತರಿ, ಅಂಟು. ಸ್ವಂತ ಹಲ್ಲನ್ನು ಒಂದೊಂದಾಗಿ ಕೀಳಿಸಿಕೊಂಡ ಹಾಗಾಗುತ್ತಿತ್ತು. ಬಣ್ಣದ ಸೀಸೆಗಳು ತೆರೆದೇ ಇದ್ದವು, ಮುಚ್ಚಳಗಳು ಪಕ್ಕದಲ್ಲಿ. ಒಳಗಿನ ಬಣ್ಣ ಯಾವುದೆಂದು ಗೊತ್ತಾಗಲಿ ಎಂದು ಪ್ರತಿ ಮುಚ್ಚಳದ ಮೇಲೂ ಅದೇ ಬಣ್ಣ ಬಳಿದಿಡುವುದು ಅವನ ರೂಢಿ.

ಮಾವ ಬಾಗಿಲಲ್ಲಿ ನಿಂತಿದ್ದರು. "ಅಯ್ಯೋ, ಇದು ನಿಮ್ಮ ಟೇಬಲ್ಲಾ? ಏನೇನೋ ಸಾಮಾನು ಇಟ್ಟಿದೀರಿ," ಎನ್ನುತ್ತಾ ಒಳಗೆ ಬಂದರು. "ಕೊಡಿ, ನಾನೂ ಒಂದು ಕೈ ಹಾಕ್ತೀನಿ."

ಬೇಡವೆಂದರೂ ಕೇಳದೆ ಸೀಸೆಗಳಿಗೆ ಮುಚ್ಚಳ ಹಾಕತೊಡಗಿದರು. ಕಪ್ಪಿಗೆ ಕಪ್ಪು. ನೀಲಿಗೆ ನೀಲಿ. ಆಮೇಲೆ ಎಲೆಹಸಿರು ಸೀಸೆಗೆ ಇಟ್ಟಿಗೆಗೆಂಪು ಮುಚ್ಚಳವನ್ನು ಇಟ್ಟು ಬಿಗಿಯಾಗಿ ತಿರುಗಿಸಿದರು.

"ಮಾವ, ಅದು ಹಸಿರು."

"ಹೌದಲ್ಲ, ಹಸಿರೇ," ಎಂದು ಮಾವ ಆ ಮುಚ್ಚಳ ತೆಗೆದರು, ಎರಡೂ ಮುಚ್ಚಳಗಳನ್ನು ಕೈಯಲ್ಲಿ ಹಿಡಿದುಕೊಂಡರು, ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು, ಮತ್ತೆ ಕೆಂಪನ್ನೇ ಹಸಿರಿಗೆ ಹಾಕಿದರು. "ಈಗ ಸರಿಹೋಯ್ತು."

ಚಿಕ್ಕಳಿಯ ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟ. ಮಾವ ತಲೆ ಎತ್ತಿದರು. ಇಬ್ಬರ ಕಣ್ಣೂ ಕೂಡಿದವು. ಮಾವ ನಿಧಾನವಾಗಿ ಹೋಗಿ ಬಾಗಿಲು ಹಾಕಿ, ಚಿಲಕ ಹಾಕಿ ಬಂದರು.

"ಎಷ್ಟು ತಪ್ಪಾಯ್ತು?" ಎಂದು ಪಿಸುಗುಟ್ಟಿದರು.

"ಒಂದೇ, ಮಾವ. ಆದ್ರೆ ಎರಡು ಸಲ."

ಮಾವ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತರು. "ಹುಟ್ಟಿದಾಗಿಂದ ಹೀಗೇ. ಕೆಂಪು, ಹಸಿರು, ಬೂದು, ಗುಲಾಬಿ ಎಲ್ಲ ನಂಗೆ ಅಣ್ಣತಮ್ಮಂದಿರ ಹಾಗೆ. ಒಬ್ಬನ್ನ ನೋಡಿ ಇನ್ನೊಬ್ಬ ಅಂದ್ಕೊಳ್ತೀನಿ. ಯಾರಿಗೂ ಹೇಳಿಲ್ಲ. ಡ್ರೈವಿಂಗ್ ಮೇಷ್ಟ್ರಿಗೆ ಸಿಗ್ನಲ್ ಬಣ್ಣ ಗೊತ್ತಾಗಲ್ಲ ಅಂತ ಊರಿಗೆ ಗೊತ್ತಾದ್ರೆ ಏನ್ರೀ ಗತಿ? ಅರ್ಧ ಊರಿಗೆ ನಾನೇ ಕಲಿಸಿರೋದು."

"ಮತ್ತೆ ಸಿಗ್ನಲ್ಲಲ್ಲಿ ಏನ್ಮಾಡ್ತಿದ್ರಿ?"

"ಮೇಲಿನ ದೀಪ ನಿಲ್ಲು, ಕೆಳಗಿನ ದೀಪ ಹೋಗು."

"ಅಡ್ಡಡ್ಡ ಇಟ್ಟಿರೋ ಕಡೆ?"

"ಮುಂದಿನ ಗಾಡಿ ಹೋದ್ರೆ ಹೋಗೋದು."

"ಮುಂದೆ ಗಾಡಿನೇ ಇಲ್ದಿದ್ರೆ?"

"ಹಿಂದಿನವನು ಹಾರ್ನ್ ಹೊಡೆದ ಮೇಲೆ ಹೋಗೋದು. ನನ್ನ ಶಿಷ್ಯರಿಗೆ ತಾಳ್ಮೆ ಜಾಸ್ತಿ ಅಂತ ಹೆಸರಿದೆ, ಕೇಳಿಲ್ವಾ? ಅದಕ್ಕೇ."

ಚಿಕ್ಕಳಿಯನಿಗೆ ನಗು ಉಕ್ಕಿ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ನಗು ಇಂಗಿಹೋಯಿತು. "ಹಾಗಾದ್ರೆ ಮಾವ, ಆಗ ಕಾರಿನ ಬಣ್ಣ ಸರಿಯಾಗಿದೆ ಅಂದ್ರಲ್ಲ?"

"ಮತ್ತಿನ್ನೇನು ಹೇಳ್ಲಿ? ನೀವು ಅಷ್ಟು ಕಷ್ಟಪಟ್ಟು ಮಾಡಿದ್ದು, ಬಣ್ಣಾನೂ ತಪ್ಪಿರಲ್ಲ ಅಂದ್ಕೊಂಡೆ. ಈಗ ನಿಜ ಹೇಳಿ. ಯಾವ ಬಣ್ಣ ಹಚ್ಚಿದೀರಿ ಅದಕ್ಕೆ?"

"ನಿಮ್ಮ ಹಲ್ಲಿನ ಬಣ್ಣ."

ಮಾವ ನಾಲಿಗೆಯಿಂದ ತಮ್ಮ ಮುಂದಿನ ಹಲ್ಲನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಯಾಕೆ?" ಎಂದರು. ಚಿಕ್ಕಳಿಯ ತನ್ನ ಲೆಕ್ಕವನ್ನು ವಿವರಿಸಿದ. ಹೇಳುತ್ತಾ ಹೋದಂತೆ ಅದು ಅವನಿಗೇ ಅಷ್ಟೊಂದು ಗಟ್ಟಿಯಾಗಿ ಕಾಣಿಸಲಿಲ್ಲ. ಮಾವ ಪೂರ್ತಿ ಕೇಳಿ, "ಬುದ್ಧಿವಂತರು," ಎಂದರು. ಹೊಗಳಿದರೋ ಇಲ್ಲವೋ ತಿಳಿಯಲಿಲ್ಲ.

"ಆದ್ರೆ ಒಂದು ಅರ್ಥ ಆಗ್ತಿಲ್ಲ," ಎಂದರು ಮಾವ ಮತ್ತೆ. "ಒಬ್ಳು ಗುಲಾಬಿ ಅಂತಾಳೆ, ಒಬ್ಳು ಹಸಿರು ಅಂತಾಳೆ, ಅವನು ಬೂದು ಅಂತಾನೆ. ಕಾರು ಇದ್ದಿದ್ದು ಒಂದೇ. ಬಣ್ಣ ಹಳೇದಾದಾಗೆಲ್ಲ ಹೊಸದಾಗಿ ಹಚ್ಚಿಸ್ತಿದ್ದೆ, ನಿಜ. ಆದ್ರೆ ಪ್ರತಿ ಸಲಾನೂ ಅದೇ ಬಣ್ಣ."

"ಬಣ್ಣದ ಡಬ್ಬ ಯಾರು ತರ್ತಿದ್ರು?"

"ನಿಮ್ಮತ್ತೆ. ನಂಗೆಲ್ಲಿ ಪುರುಸೊತ್ತು? ಇದ್ದದ್ದೇ ಬಣ್ಣ ತಗೊಂಡ್ಬಾ ಅಂತಿದ್ದೆ, ತರ್ತಿದ್ಲು. ಅದೇ ಬಣ್ಣ ತಾನೇ ಅಂದ್ರೆ, ಹೂಂ, ಅದೇ ಅಂತಿದ್ಲು."

ದೊಡ್ಡ ಮಗಳು ಸ್ಕೂಲಿಗೆ ಹೋಗುತ್ತಿದ್ದಾಗ ಗುಲಾಬಿ. ಚಿಕ್ಕ ಮಗಳು ಬಾಗಿಲಿಗೆ ಕೆನ್ನೆ ಇಟ್ಟು ಕೂರುತ್ತಿದ್ದಾಗ ಹಸಿರು. ದೊಡ್ಡಳಿಯ ಗೇರಿನ ಜೊತೆ ಗುದ್ದಾಡುವ ಹೊತ್ತಿಗೆ ಬೂದು. ಮೂವರೂ ನಿಜವನ್ನೇ ಹೇಳಿದ್ದರು, ತಂತಮ್ಮ ಮನಸ್ಸಿನಲ್ಲಿ ಉಳಿದ ಬಣ್ಣವನ್ನು. ಇಬ್ಬರೂ ಒಟ್ಟಿಗೇ ಲೆಕ್ಕ ಮುಗಿಸಿ ಒಬ್ಬರನ್ನೊಬ್ಬರು ನೋಡಿದರು.

"ಅದಕ್ಕೇ!" ಎಂದರು ಮಾವ. "ನಮ್ಮ ಸ್ಕೂಲಿಗೆ ಮೂರು ಕಾರಿದೆ ಅಂತ ಊರೆಲ್ಲ ಸುದ್ದಿ ಇತ್ತು. ಎದುರು ಸ್ಕೂಲಿನವನು ಹೊಟ್ಟೆಕಿಚ್ಚಿಂದ ಬಾಗಿಲೇ ಹಾಕ್ಕೊಂಡ. ಯಾಕಪ್ಪಾ ಅಂತ ನಂಗೆ ಇಷ್ಟು ವರ್ಷ ಗೊತ್ತಾಗಿರ್ಲಿಲ್ಲ!"

ಅವರು ನಗಲು ಶುರುಮಾಡಿದರು. ನಗು ಬಾಗಿಲಾಚೆ ಕೇಳೀತೆಂದು ಬಾಯಿಗೆ ಟವೆಲ್ ಹಿಡಿದುಕೊಂಡು, ಭುಜ ಕುಣಿಸುತ್ತಾ ನಕ್ಕರು. ಚಿಕ್ಕಳಿಯನೂ ನಕ್ಕ, ಆದರೆ ಮಾವನ ಮೇಲಿನ ಹಲ್ಲಿನ ಸೆಟ್ಟು ಸಡಿಲವಾದಂತೆ ಕಂಡು ಅವನ ನಗುವಿನೊಳಗೆ ಸ್ವಲ್ಪ ಚಿಂತೆಯೂ ಸೇರಿತು.

"ಅತ್ತೆಗೆ ಗೊತ್ತಿತ್ತಾ ಮಾವ, ನಿಮ್ಮ ಕಣ್ಣಿನ ವಿಷಯ?"

ಮಾವನ ನಗು ನಿಂತಿತು. "ನಾನು ಹೇಳಿರ್ಲಿಲ್ಲ," ಎಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮತ್ತೆ, "ಹೇಳಿರ್ಲೇ ಇಲ್ಲ," ಎಂದರು.

ಹೊರಗೆ ದೊಡ್ಡಳಿಯನ ಗಾಡಿ ಬಂದು ನಿಂತ ಸದ್ದಾಯಿತು. ಮಾವ ಗಾಬರಿಯಿಂದ ಅಳಿಯನ ಕೈ ಹಿಡಿದುಕೊಂಡರು. "ನೋಡಿ, ಇದು ನಮ್ಮಿಬ್ಬರಲ್ಲೇ ಇರ್ಬೇಕು. ಮಕ್ಕಳಿಗೆ ಗೊತ್ತಾದ್ರೆ ನಾನು ತಲೆ ಎತ್ತೋ ಹಾಗಿಲ್ಲ. ಆ ಹಾಸಿಗೆಯವನಿಗಂತೂ ಸುಳಿವೂ ಸಿಗ್ಬಾರ್ದು. ಬದಲಿಗೆ ನಿಮಗೇನು ಬೇಕೋ ಕೇಳಿ."

ಕೇಳುವ ಹಾಗಿಲ್ಲ ಎಂದು ಹೆಂಡತಿ ಹೇಳಿದ್ದಳು. ಆದರೆ ಮಾವನೇ ಕೇಳು ಎಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಚಿಕ್ಕಳಿಯನ ಮನಸ್ಸು ತೂಗಾಡಿತು. ಇನ್ನೊಬ್ಬರ ಗುಟ್ಟನ್ನು ಹಿಡಿದುಕೊಂಡು ಲಾಭ ಮಾಡಿಕೊಂಡ ಹಾಗಾಗುವುದಿಲ್ಲವೇ? ಹಾಗೆಂದು ಕೇಳದೇ ಬಿಟ್ಟರೆ, ಇನ್ನು ಕ್ಷಣದಲ್ಲಿ ಮೇಜಿಗೆ ಹಗ್ಗ ಬೀಳುವುದಿಲ್ಲವೇ?

"ಏನೂ ಕೊಡದಿದ್ರೂ ನಾನು ಯಾರಿಗೂ ಹೇಳಲ್ಲ ಮಾವ," ಎಂದ. ಚಿಲಕ ಅಲ್ಲಾಡಿತು. "ಆದ್ರೆ... ನಿಮ್ಮ ಕಾರು ಕಟ್ಟಿದ್ದು ಆಸ್ಪತ್ರೇಲಲ್ಲ. ಈ ಟೇಬಲ್ ಮೇಲೆ."

ಮಾವ ಮೇಜನ್ನು ನೋಡಿದರು, ಪೆಟ್ಟಿಗೆ ನೋಡಿದರು, ಅಳಿಯನ ಮುಖ ನೋಡಿದರು.

"ಇಷ್ಟೇನಾ? ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

ಬಾಗಿಲು ತೆರೆದರು. ಹಗ್ಗ ಹಿಡಿದು ನಿಂತಿದ್ದ ದೊಡ್ಡಳಿಯನಿಗೆ, "ಹೋಗಯ್ಯ, ಹಗ್ಗ ವಾಪಸ್ ಇಡು. ಟೇಬಲ್ ಎಲ್ಲೂ ಹೋಗಲ್ಲ. ಮಂಚ ಆ ಗೋಡೆಗೆ ಹಾಕಿದ್ರೆ ಆಯ್ತು," ಎಂದರು.

"ಮತ್ತೆ ಓಡಾಡೋಕೆ ಜಾಗ ಅಂದ್ರಿ?"

"ಓಡಾಡೋಕೆ ರಸ್ತೆ ಇದೆ."

ಹೆಂಡತಿ ಗಂಡನನ್ನು ನೋಡಿದಳು. ನೀವೇ ಕೇಳಿದಿರಾ ಎಂಬ ಪ್ರಶ್ನೆ ಅವಳ ಹುಬ್ಬಿನಲ್ಲಿ ಸ್ಪಷ್ಟವಾಗಿತ್ತು. ಅವನು ಸೀಸೆಗಳ ಕಡೆ ತಿರುಗಿ, ಕೆಂಪು ಮುಚ್ಚಳವನ್ನು ಹಸಿರು ಸೀಸೆಯಿಂದ ತೆಗೆದು ಅದರ ಸೀಸೆಗೇ ಹಾಕುವುದರಲ್ಲಿ ಮಗ್ನನಾದ.

ಮೇಜು ಈಗಲೂ ಅಲ್ಲೇ ಇದೆ. ಚಿಕ್ಕಳಿಯ ಕೆಲಸಕ್ಕೆ ಕೂತರೆ ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. "ನಿಧಾನ, ನಿಧಾನ. ಎಡಕ್ಕೆ. ಅಂಟು ಜಾಸ್ತಿ ಆಯ್ತು, ಹಿಂದಕ್ಕೆ ತಗೊಳ್ಳಿ," ಎಂದು ಹೇಳಿಕೊಡುತ್ತಾರೆ. ಬಣ್ಣದ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಯಾರೂ ಕಚ್ಚಿ ನೋಡಿ ತಕರಾರು ತೆಗೆಯದ ಜಾಗ ಎಂಬ ಸುಖ ಚಿಕ್ಕಳಿಯನ ಪಾಲಿಗೆ ಮುಗಿಯಿತು. ಆದರೂ ಮಾವ ಒಂದು ದಿನ ಪಕ್ಕಕ್ಕೆ ಬರದಿದ್ದರೆ ಅವನ ಕೈ ಓಡುವುದಿಲ್ಲ.

ಅತ್ತೆಯ ವಿಷಯ ಅವರಿಬ್ಬರೂ ಆಗಾಗ ಮಾತಾಡುವುದುಂಟು. ಬಣ್ಣದ ಅಂಗಡಿ ಈಗಿಲ್ಲ. ಮಕ್ಕಳನ್ನು ಕೇಳಿದರೆ ಗುಟ್ಟು ಹೊರಬೀಳುತ್ತದೆ. ಅತ್ತೆ ಗಂಡನ ಕಣ್ಣನ್ನು ಯಾವತ್ತೋ ಅರಿತುಕೊಂಡು, ಅವರಿಗೆ ನೋವಾಗದಿರಲೆಂದು ಹೂಂ, ಅದೇ ಎನ್ನುತ್ತಿದ್ದರೋ. ಅರಿತುಕೊಂಡೇ, ತಮಗೆ ಇಷ್ಟವಾದ ಬಣ್ಣ ತಂದು ಮನಸ್ಸಿನಲ್ಲೇ ನಗುತ್ತಿದ್ದರೋ. ಅಥವಾ ಏನೂ ತಿಳಿಯದೆ ಅಂಗಡಿಯವನು ಕೊಟ್ಟದ್ದನ್ನು ತಂದರೋ, ಗೊತ್ತಿಲ್ಲ. ಮಾವನಿಗೂ ಗೊತ್ತಿಲ್ಲ.